ಸಿಗಡಿ ಮರಿಯ ‘ನೆಗೆಟಿವ್’ ಚೀಟಿ: ಲೆಕ್ಕ ಗೊತ್ತಿದ್ದರೆ ಮಾತ್ರ ಬೆಲೆ

2025ರ ಅಕ್ಟೋಬರ್‌ನಲ್ಲಿ ಆಂಧ್ರಪ್ರದೇಶದ ಸಚಿವ ನಾರಾ ಲೋಕೇಶ್ ಆಸ್ಟ್ರೇಲಿಯಾ ಪ್ರವಾಸದಲ್ಲಿದ್ದಾಗ ಒಂದು ಸುದ್ದಿ ಪ್ರಕಟಿಸಿದರು. ಭಾರತದ ಸಿಪ್ಪೆ ತೆಗೆಯದ ಸಿಗಡಿಗೆ ಆಸ್ಟ್ರೇಲಿಯಾ ಎಂಟು ವರ್ಷಗಳ ಬಳಿಕ ಮೊದಲ ಬಾರಿಗೆ ಆಮದು ಅನುಮತಿ ನೀಡಿದೆ ಎಂಬುದೇ ಆ ಸುದ್ದಿ. ಅಮೆರಿಕ ಆಗಸ್ಟ್‌ನಲ್ಲಿ ಭಾರತದ ಸರಕಿನ ಮೇಲೆ ಶೇ. 50ರಷ್ಟು ಸುಂಕ ಹೇರಿ ಸಿಗಡಿ ರಫ್ತುದಾರರ ನಿದ್ದೆ ಕೆಡಿಸಿತ್ತು. ಹಾಗಾಗಿ ಈ ಸುದ್ದಿಗೆ ದೊಡ್ಡ ಸ್ವಾಗತವೇ ಸಿಕ್ಕಿತು. ಆದರೆ ಎಂಟು ವರ್ಷ ಆ ಬಾಗಿಲು ಮುಚ್ಚಿದ್ದು ಯಾಕೆ ಎಂಬ ಪ್ರಶ್ನೆ ಮಾತ್ರ ಹಿಂದೆಯೇ ಉಳಿಯಿತು.

ಬಾಗಿಲು ಮುಚ್ಚಿಸಿದ್ದು ಕಣ್ಣಿಗೆ ಕಾಣದ ಒಂದು ವೈರಸ್. ಅದರ ಹೆಸರು ವೈಟ್ ಸ್ಪಾಟ್, ನಮ್ಮ ಕರಾವಳಿಯ ಸಿಗಡಿ ಕೃಷಿಕರ ಭಾಷೆಯಲ್ಲಿ ‘ಬಿಳಿ ಚುಕ್ಕೆ ರೋಗ’. 2016ರ ಕೊನೆಯಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಲೋಗನ್ ನದಿಯ ಸಿಗಡಿ ಫಾರ್ಮ್‌ಗಳಲ್ಲಿ ಈ ರೋಗ ಕಾಣಿಸಿತು. 2017ರ ಜನವರಿಯಲ್ಲಿ ಆ ದೇಶ ಹಸಿ ಸಿಗಡಿಯ ಆಮದನ್ನೇ ನಿಲ್ಲಿಸಿತು. ತಿಂಗಳುಗಳ ನಂತರ ಬಿಗಿ ಷರತ್ತುಗಳೊಂದಿಗೆ ಬಾಗಿಲು ಸ್ವಲ್ಪ ತೆರೆಯಿತು. ಐಸ್‌ನಲ್ಲಿಟ್ಟರೂ ಈ ವೈರಸ್ ಸಾಯುವುದಿಲ್ಲ. ಅಂಗಡಿಯಿಂದ ತಂದ ಸಿಗಡಿಯನ್ನು ಯಾರಾದರೂ ಗಾಳಕ್ಕೆ ಸಿಕ್ಕಿಸಿ ನದಿಗೆ ಎಸೆದರೆ ರೋಗ ನೀರಿಗೆ ಇಳಿಯುತ್ತದೆ ಎಂಬುದು ಅವರ ಭಯ.

ಇದು ಆಂಧ್ರದ ದೊಡ್ಡ ರಫ್ತುದಾರರ ವಿಷಯ ಮಾತ್ರ ಅಂದುಕೊಂಡರೆ ತಪ್ಪಾದೀತು. 2024-25ರಲ್ಲಿ ಭಾರತ 62,408 ಕೋಟಿ ರೂಪಾಯಿಯ ಸಮುದ್ರೋತ್ಪನ್ನ ರಫ್ತು ಮಾಡಿತು. ಅದರಲ್ಲಿ 43,334 ಕೋಟಿ ರೂ. ಬಂದದ್ದು ಶೈತ್ಯೀಕರಿಸಿದ ಸಿಗಡಿಯಿಂದ. ಅಂದರೆ ನೂರು ರೂಪಾಯಿಯಲ್ಲಿ ಎಪ್ಪತ್ತು ರೂಪಾಯಿ ಸಿಗಡಿಯದ್ದೇ. ಕುಮಟಾ, ಅಂಕೋಲಾ, ಹೊನ್ನಾವರ, ಕುಂದಾಪುರದ ಹಿನ್ನೀರಿನಲ್ಲಿ ಕೆರೆ ಮಾಡಿ ಸಿಗಡಿ ಸಾಕುವವರು, ಅವರಿಗೆ ಮುಂಗಡ ಕೊಡುವ ವ್ಯಾಪಾರಿಗಳು, ಐಸ್ ಮತ್ತು ಲಾರಿಯವರು, ಮಂಗಳೂರು ಬಂದರು ಮತ್ತು ಮಲ್ಪೆಯಲ್ಲಿ ಮೀನು ಮಾರಿ ಮನೆ ನಡೆಸುವವರು ಎಲ್ಲರೂ ಒಂದೇ ಸರಪಳಿಯ ಕೊಂಡಿಗಳು. ಒಂದು ಕೊಂಡಿಯಲ್ಲಿ ವೈರಸ್ ಹೊಕ್ಕರೆ ಉಳಿದವರಿಗೂ ಏಟು.

ಕರಾವಳಿ ಇದನ್ನು ಒಮ್ಮೆ ಕಂಡಿದೆ

ಈ ರೋಗ ನಮಗೆ ಹೊಸತಲ್ಲ. 1990ರ ದಶಕದ ಆರಂಭದಲ್ಲಿ ಟೈಗರ್ ಸಿಗಡಿಯ ಹುಚ್ಚು ಇಡೀ ಕರಾವಳಿಗೆ ಹಿಡಿದಿತ್ತು. ಅಘನಾಶಿನಿ ದಡದ ಗಜನಿ ಭೂಮಿಯಲ್ಲಿ ಮಳೆಗಾಲಕ್ಕೆ ಕಗ್ಗ ಭತ್ತ, ಉಳಿದ ಕಾಲಕ್ಕೆ ಉಬ್ಬರದ ನೀರಿನ ಜೊತೆ ತಾನಾಗಿ ಬರುವ ಮೀನು, ಸಿಗಡಿ ಹಿಡಿಯುವುದು ಹಳೆಯ ಪದ್ಧತಿ. ಅಂಥ ಕಡೆಗಳಲ್ಲೂ ಕೆರೆ ಕಟ್ಟಿ ಮರಿ ಬಿಟ್ಟು ಸಾಕುವ ವ್ಯವಹಾರ ಬಂತು. 1992ರ ಹೊತ್ತಿಗೆ ತೈವಾನ್, ಚೀನಾ ಕಡೆ ಕಾಣಿಸಿಕೊಂಡ ಬಿಳಿ ಚುಕ್ಕೆ ರೋಗ 1994-95ರಲ್ಲಿ ಭಾರತಕ್ಕೆ ಬಂತು. ಸಿಗಡಿ ಮೇವು ತಿನ್ನುವುದು ನಿಲ್ಲಿಸುತ್ತದೆ, ಕೆರೆಯ ಅಂಚಿಗೆ ಬಂದು ಸುಸ್ತಾಗಿ ತೇಲುತ್ತದೆ, ಚಿಪ್ಪಿನ ಒಳಭಾಗದಲ್ಲಿ ಬಿಳಿ ಚುಕ್ಕೆ ಕಾಣುತ್ತದೆ. ಅಲ್ಲಿಂದ ಮೂರರಿಂದ ಹತ್ತು ದಿನದೊಳಗೆ ಕೆರೆಯೇ ಖಾಲಿ. ಮದ್ದು ಅಂದಿಗೂ ಇರಲಿಲ್ಲ, ಇಂದಿಗೂ ಇಲ್ಲ.

ಆಗ ಮಂಗಳೂರಿನಲ್ಲೇ ಒಂದು ದೊಡ್ಡ ಕೆಲಸ ನಡೆಯಿತು. 1969ರಲ್ಲಿ ಶುರುವಾದ, ದೇಶದ ಮೊದಲ ಮೀನುಗಾರಿಕಾ ಕಾಲೇಜು ನಮ್ಮ ಊರಿನದು. ಅಲ್ಲಿನ ಇಡ್ಯ ಕರುಣಾಸಾಗರ್ ಮತ್ತು ಇಂದ್ರಾಣಿ ಕರುಣಾಸಾಗರ್ ಅವರ ತಂಡ ಪಶ್ಚಿಮ ಕರಾವಳಿಯ ಸಿಗಡಿಗಳಲ್ಲಿನ ಈ ರೋಗದ ಬಗ್ಗೆ 1997ರಲ್ಲೇ ಅಧ್ಯಯನ ಪ್ರಕಟಿಸಿತು. 1999ರಲ್ಲಿ ಅದೇ ತಂಡ ಪಿಸಿಆರ್ ವಿಧಾನದಿಂದ ಸಾಕಿದ ಸಿಗಡಿಯಲ್ಲಿ ಮಾತ್ರವಲ್ಲ, ಹೊರಗಿನ ನೀರಿನ ಸಿಗಡಿ, ಏಡಿಗಳಲ್ಲೂ ವೈರಸ್ ಇರುವುದನ್ನು ತೋರಿಸಿತು. ಮುಂದೆ ಇದೇ ಕಾಲೇಜಿನಲ್ಲಿ ಕೆ.ಎಂ. ಶಂಕರ್ ಅವರ ತಂಡ ಆ್ಯಂಟಿಬಾಡಿ ಆಧಾರದ ಪರೀಕ್ಷೆ ಬೆಳೆಸಿತು. ದೊಡ್ಡ ಯಂತ್ರ ಇಲ್ಲದೆ ಕೆರೆ ಬದಿಯಲ್ಲೇ ಬಣ್ಣ ನೋಡಿ ರೋಗ ತಿಳಿಯುವಂಥದ್ದು ಅದು. ಕೋವಿಡ್ ಬರುವುದಕ್ಕೆ ಇಪ್ಪತ್ತು ವರ್ಷ ಮೊದಲೇ ಮಂಗಳೂರಿನಲ್ಲಿ ಪಿಸಿಆರ್ ಸಿಗಡಿಗೆ ನಡೆಯುತ್ತಿತ್ತು ಎಂಬುದು ನಮ್ಮಲ್ಲೇ ಹೆಚ್ಚಿನವರಿಗೆ ಗೊತ್ತಿಲ್ಲ.

ಗಲ್ಫ್ ವಿಮಾನ ಹತ್ತಿದವರಿಗೆ ಗೊತ್ತಿರುವ ಪಾಠ

2021ರಲ್ಲಿ ದುಬೈಗೆ ಹೊರಟವರಿಗೆ ಪಿಸಿಆರ್ ಅಂದರೇನು ಎಂದು ಹೇಳಿಕೊಡಬೇಕಾಗಿಲ್ಲ. 48 ಗಂಟೆಯೊಳಗಿನ ನೆಗೆಟಿವ್ ರಿಪೋರ್ಟ್ ಕೈಯಲ್ಲಿದ್ದರೂ ವಿಮಾನ ಹತ್ತುವ ಮುಂಚೆ ನಿಲ್ದಾಣದಲ್ಲೇ ಮತ್ತೊಂದು ರ‍್ಯಾಪಿಡ್ ಪಿಸಿಆರ್ ಮಾಡಿಸಬೇಕಿತ್ತು. ಯಾಕೆ ಎರಡು ಸಲ? ಮೊದಲ ರಿಪೋರ್ಟ್ ಹೇಳುವುದು ಆ ದಿನದ, ಆ ಮಾದರಿಯ ಕಥೆ ಮಾತ್ರ. ನಂತರ ಏನಾಯಿತು ಎಂದು ಅದು ಹೇಳುವುದಿಲ್ಲ. ಸಿಗಡಿಯ ವಿಷಯದಲ್ಲಿಯೂ ಲೆಕ್ಕ ಅದೇ.

ಪಿಸಿಆರ್ ಯಂತ್ರ ವೈರಸ್‌ನ ಡಿಎನ್‌ಎಯ ಒಂದು ತುಣುಕನ್ನು ಹಿಡಿದು ಅದನ್ನು ದುಪ್ಪಟ್ಟು ಮಾಡುತ್ತಾ ಹೋಗುತ್ತದೆ. ಒಂದು ಎರಡಾಗ್ತದೆ, ಎರಡು ನಾಲ್ಕು, ನಾಲ್ಕು ಎಂಟು. ಹೀಗೆ ಹತ್ತು ಸುತ್ತಿನಲ್ಲಿ ಒಂದು 1,024 ಆಗುತ್ತದೆ. ಹಳೆಯ ವಿಧಾನದಲ್ಲಿ ಕೊನೆಗೆ ನೋಡುವುದು ‘ಉಂಟು’ ಅಥವಾ ‘ಇಲ್ಲ’ ಎಂದು ಮಾತ್ರ. ಅದನ್ನೇ ಎರಡು ಹಂತದಲ್ಲಿ ಮಾಡುವ ಕ್ರಮವೂ ಬಂತು. ಮೊದಲ ಹಂತದಲ್ಲೇ ಪಾಸಿಟಿವ್ ಬಂದರೆ ಸೋಂಕು ಜೋರಾಗಿದೆ, ಎರಡನೇ ಹಂತದಲ್ಲಿ ಮಾತ್ರ ಬಂದರೆ ಕಡಿಮೆ ಇದೆ ಎಂದು ಅಂದಾಜು.

ಈಗಿನ ರಿಯಲ್ ಟೈಮ್ ಪಿಸಿಆರ್ ಒಂದು ಹೆಜ್ಜೆ ಮುಂದೆ. ಎಷ್ಟನೇ ಸುತ್ತಿನಲ್ಲಿ ವೈರಸ್ ಗುರುತಿಗೆ ಸಿಕ್ಕಿತು ಎಂದು ಅದು ಬರೆದುಕೊಳ್ಳುತ್ತದೆ. ಅದೇ ಕೋವಿಡ್ ಕಾಲದಲ್ಲಿ ಎಲ್ಲರ ಬಾಯಲ್ಲಿದ್ದ ಸಿಟಿ ವ್ಯಾಲ್ಯೂ. ಸಂಖ್ಯೆ ಕಡಿಮೆಯಾದಷ್ಟು ವೈರಸ್ ಹೆಚ್ಚು. ಒಂದು ಸಿಗಡಿಯ ಸಿಟಿ 20, ಇನ್ನೊಂದರದ್ದು 30 ಎಂದಾದರೆ ಮೊದಲನೆಯದರಲ್ಲಿ ಸುಮಾರು ಸಾವಿರ ಪಟ್ಟು ಹೆಚ್ಚು ವೈರಸ್ ಉಂಟು ಎಂದರ್ಥ. ಬರೀ ‘ಪಾಸಿಟಿವ್’ ಎಂದು ಬರೆದರೆ ಎರಡೂ ಒಂದೇ. ಸಂಖ್ಯೆ ಬರೆದರೆ ಒಂದು ಕೆರೆ ಇವತ್ತೇ ಹಿಡಿಯಬೇಕಾದದ್ದು, ಇನ್ನೊಂದು ದಿನದಿನವೂ ನಿಗಾ ಇಡಬೇಕಾದದ್ದು ಎಂದು ಗೊತ್ತಾಗುತ್ತದೆ.

ಆದರೆ ಸಿಟಿ ವ್ಯಾಲ್ಯೂ ತಾನಾಗಿಯೇ ಅಳತೆ ಅಲ್ಲ. ತಕ್ಕಡಿಯ ಒಂದು ಬದಿಗೆ ತೂಕದ ಕಲ್ಲು ಬೇಕಲ್ಲ, ಹಾಗೆ ಇಲ್ಲಿಯೂ ಇಷ್ಟೇ ಸಂಖ್ಯೆಯ ವೈರಸ್ ತುಣುಕು ಇದೆ ಎಂದು ಮೊದಲೇ ತಿಳಿದ ಮಾದರಿಯನ್ನು ಜೊತೆಗಿಟ್ಟು ಓಡಿಸಬೇಕು. ಅದರ ಪಕ್ಕದಲ್ಲಿ ಹೋಲಿಸಿದಾಗಲೇ ಇಂತಿಷ್ಟು ಎಂಬ ಲೆಕ್ಕ ಬರುವುದು. ಕಲ್ಲು ಬೇರೆ ಬೇರೆ ಇದ್ದರೆ ತೂಕವೂ ಬೇರೆ. ಹಾಗಾಗಿ ಒಂದು ಲ್ಯಾಬಿನ 28ನ್ನೂ ಇನ್ನೊಂದು ಲ್ಯಾಬಿನ 28ನ್ನೂ ಒಂದೇ ಎಂದು ತಿಳಿಯುವ ಹಾಗಿಲ್ಲ. ಇನ್ನೊಂದು ಮಿತಿ ಎಂದರೆ, ಪಿಸಿಆರ್ ಹುಡುಕುವುದು ವೈರಸ್‌ನ ಡಿಎನ್‌ಎಯನ್ನು. ಆ ವೈರಸ್ ಜೀವಂತ ಇದೆಯೋ ಸತ್ತಿದೆಯೋ ಎಂದು ಅದು ಹೇಳದು.

150 ಮರಿಯ ಲೆಕ್ಕ

ಯಂತ್ರ ಎಷ್ಟೇ ಒಳ್ಳೆಯದಿರಲಿ, ಅದರೊಳಗೆ ಹೋಗದ ಮರಿಯ ಬಗ್ಗೆ ಅದು ಏನೂ ಹೇಳಲಾರದು. ಸಣ್ಣ ಕೃಷಿಕ ಮೋಸ ಹೋಗುವುದು ಇಲ್ಲೇ.

ಒಂದು ಹೆಕ್ಟೇರ್ ಕೆರೆಗೆ ಚದರ ಮೀಟರಿಗೆ 30ರಂತೆ ಮರಿ ಬಿಟ್ಟರೆ ಮೂರು ಲಕ್ಷ ಮರಿ ಬೇಕು. ಮರಿಯೊಂದಕ್ಕೆ 35 ಪೈಸೆ ಎಂದು ಇಟ್ಟುಕೊಂಡರೂ ಒಂದು ಲಕ್ಷ ರೂಪಾಯಿಗೆ ಮೇಲೆ. ಮೂರು ಲಕ್ಷವನ್ನೂ ಪರೀಕ್ಷೆಗೆ ಹಾಕಲಿಕ್ಕೆ ಆಗುವುದಿಲ್ಲ, ಪರೀಕ್ಷೆಗೆ ಹೋದ ಮರಿ ಸಾಯುತ್ತದೆ. ಆದ್ದರಿಂದ 150 ಮರಿ ತೆಗೆದು ಪರೀಕ್ಷಿಸುವುದು ವಾಡಿಕೆ. ಈ 150 ಎಲ್ಲಿಂದ ಬಂತು? ನೂರಕ್ಕೆ ಎರಡು ಮರಿಗೆ ಸೋಂಕಿದ್ದರೆ, 150 ಮರಿ ತೆಗೆದಾಗ ಅದರಲ್ಲಿ ಒಂದಾದರೂ ಸೋಂಕಿನದ್ದು ಬರುವ ಸಾಧ್ಯತೆ ಶೇ. 95. ಅಷ್ಟೇ ಅದರ ಅರ್ಥ.

ಸೋಂಕು ನೂರಕ್ಕೆ ಒಂದೇ ಇದ್ದರೆ? ಆಗ 150ರಲ್ಲಿ ಒಂದೂ ಸಿಗದೆ ‘ನೆಗೆಟಿವ್’ ಎಂದು ಬರುವ ಸಾಧ್ಯತೆ ಶೇ. 22. ಇನ್ನೂರಕ್ಕೆ ಒಂದು ಇದ್ದರೆ ಶೇ. 47, ಅಂದರೆ ಹೆಚ್ಚುಕಡಿಮೆ ನಾಣ್ಯ ಚಿಮ್ಮಿದ ಹಾಗೆ. ಇನ್ನೂರಕ್ಕೆ ಒಂದು ಎಂಬುದು ಕೇಳಲಿಕ್ಕೆ ಸಣ್ಣದು. ಮೂರು ಲಕ್ಷ ಮರಿಯಲ್ಲಿ ಅದು 1,500 ಸೋಂಕಿತ ಮರಿ. ಅವು ಸತ್ತಾಗ ಉಳಿದವು ಅವನ್ನೇ ತಿನ್ನುತ್ತವೆ, ರೋಗ ಹರಡಲು ಬೇರೆ ದಾರಿಯೇ ಬೇಡ. ಲ್ಯಾಬಿನವರು ಸುಳ್ಳು ಹೇಳಿಲ್ಲ, ಯಂತ್ರವೂ ತಪ್ಪಿಲ್ಲ. ಆದರೂ ಕೈಯಲ್ಲಿರುವ ಚೀಟಿಗೂ ಕೆರೆಯಲ್ಲಿರುವ ಸತ್ಯಕ್ಕೂ ಹೊಂದಾಣಿಕೆ ಇಲ್ಲ.

150ರ ಬದಲು 20 ಮರಿಯನ್ನು ಮಾತ್ರ ಹಾಕಿ ‘ನೆಗೆಟಿವ್’ ಎಂದು ಬರೆದರೂ ಚೀಟಿ ನೋಡಲಿಕ್ಕೆ ಒಂದೇ ರೀತಿ ಇರುತ್ತದೆ. ನೂರಕ್ಕೆ ಎರಡು ಸೋಂಕಿದ್ದಾಗಲೂ 20 ಮರಿಯ ಪರೀಕ್ಷೆ ಮೂರು ಸಲದಲ್ಲಿ ಎರಡು ಸಲ ಏನೂ ಕಾಣದೆ ಬಿಡುತ್ತದೆ. ಆಸ್ಟ್ರೇಲಿಯಾ ಏನು ಮಾಡುತ್ತದೆ ನೋಡಿ. ಆಮದಾದ ಹಸಿ ಸಿಗಡಿಯ ಪ್ರತಿ ಬ್ಯಾಚಿನಿಂದ 65 ಸಿಗಡಿ ತೆಗೆದು, ಐದೈದರ 13 ಗುಂಪು ಮಾಡಿ ಪಿಸಿಆರ್‌ಗೆ ಹಾಕುತ್ತದೆ. ನೂರಕ್ಕೆ ಐದಕ್ಕೆ ಸೋಂಕಿದ್ದರೂ ತಪ್ಪಿಸಿಕೊಳ್ಳದಂತೆ ಹಾಕಿದ ಲೆಕ್ಕ ಅದು. ಕೊಳ್ಳುವ ದೇಶ ತನಗೆ ಎಷ್ಟು ಖಾತರಿ ಬೇಕು ಎಂದು ಮೊದಲು ತೀರ್ಮಾನಿಸಿ, ಆಮೇಲೆ ಎಷ್ಟು ಸಿಗಡಿ ತೆಗೆಯಬೇಕೆಂದು ನಿಗದಿ ಮಾಡಿದೆ. ನಮ್ಮಲ್ಲಿ ಮರಿ ಕೊಳ್ಳುವವನು ಆ ಪ್ರಶ್ನೆಯನ್ನೇ ಕೇಳುವುದಿಲ್ಲ.

ಇಲ್ಲಿ ಇನ್ನೊಂದು ಗೊಂದಲವೂ ಉಂಟು. 2009ರಿಂದ ದೇಶದಲ್ಲಿ ವನಾಮಿ ಸಿಗಡಿ ಬಂದ ಮೇಲೆ ‘ಎಸ್‌ಪಿಎಫ್ ಮರಿ’ ಎಂಬ ಮಾತು ಮಾರುಕಟ್ಟೆಯಲ್ಲಿ ಓಡುತ್ತಿದೆ. ವಿದೇಶದಿಂದ ಬರುವ ತಾಯಿ ಸಿಗಡಿಯನ್ನು ಚೆನ್ನೈಯ ಕ್ವಾರಂಟೈನ್ ಕೇಂದ್ರದಲ್ಲಿ ಇರಿಸಿ ಪರೀಕ್ಷಿಸಿಯೇ ಹ್ಯಾಚರಿಗೆ ಕೊಡುತ್ತಾರೆ. ಎಸ್‌ಪಿಎಫ್ ಎಂದರೆ ಪಟ್ಟಿಯಲ್ಲಿರುವ ಇಂತಿಂಥ ರೋಗಾಣು ಆ ತಳಿಯಲ್ಲಿ ಇಲ್ಲ ಎಂದು. ರೋಗ ಬಂದರೆ ತಡೆದುಕೊಳ್ಳುತ್ತದೆ ಎಂದು ಅರ್ಥವಲ್ಲ. ಹ್ಯಾಚರಿಯ ನೀರಿನಲ್ಲೋ, ಊರಿನ ಕೆರೆಗೆ ನುಗ್ಗುವ ಏಡಿಯಲ್ಲೋ ವೈರಸ್ ಇದ್ದರೆ ಎಸ್‌ಪಿಎಫ್ ಮರಿಯೂ ಸಾಯುತ್ತದೆ.

ರಾಶಿಯೊಳಗೆ ಕೈ ಹಾಕಿ ನೋಡುವುದು

ಪ್ರವಾದಿ ಮುಹಮ್ಮದ್(ಸ) ಅವರು ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ ನೋಡಿದ ಘಟನೆ ಮದ್ರಸಕ್ಕೆ ಹೋದ ಮಕ್ಕಳಿಗೂ ಗೊತ್ತು. ಮೇಲೆ ಒಣಗಿತ್ತು, ಒಳಗೆ ಒದ್ದೆ. ಒದ್ದೆಯಾದದ್ದನ್ನು ಜನರಿಗೆ ಕಾಣುವಂತೆ ಮೇಲೆ ಯಾಕೆ ಇಡಲಿಲ್ಲ ಎಂದು ಅವರು ಮಾರುವವನನ್ನು ಕೇಳಿದರು. ವ್ಯಾಪಾರದಲ್ಲಿ ಐಬು ಮುಚ್ಚಿಡಬಾರದು ಎಂಬ ಈ ಪಾಠ ಸಿಗಡಿಗೆ ಅಕ್ಷರಶಃ ಅನ್ವಯಿಸುತ್ತದೆ. ಮಾದರಿ ತೆಗೆಯುವುದೂ ರಾಶಿಯೊಳಗೆ ಕೈ ಹಾಕುವ ಕೆಲಸವೇ. ಎಲ್ಲಿ ಕೈ ಹಾಕಿದೆ ಎಂಬುದರ ಮೇಲೆ ಸಿಗುವ ಉತ್ತರ ನಿಂತಿದೆ.

ಬಲವಾಗಿ ಈಜುವ ಚಂದದ ಮರಿಗಳನ್ನೇ ಆರಿಸಿ ಲ್ಯಾಬಿಗೆ ಕಳಿಸಿದರೆ ಫಲಿತಾಂಶ ಚಂದವೇ ಬರುತ್ತದೆ. ಸೋಂಕು ಸಿಗಬೇಕಾದರೆ ಸುಸ್ತಾದವು, ಅಂಚಿಗೆ ಬಂದವು, ಮೇವು ಬಿಟ್ಟವು ಇವುಗಳನ್ನು ಹಿಡಿಯಬೇಕು. ಮರಿಗೆ ಸ್ವಲ್ಪ ಒತ್ತಡ ಕೊಟ್ಟು, ತಡೆಯಲಾರದೆ ಸೋತವನ್ನು ಪಿಸಿಆರ್‌ಗೆ ಹಾಕುವ ಕ್ರಮ ಇರುವುದೂ ಇದಕ್ಕೇ. ದೊಡ್ಡ ಸಿಗಡಿಯಾದರೆ ಕೊಲ್ಲಬೇಕೆಂದೂ ಇಲ್ಲ, ಈಜುಕಾಲಿನ ಒಂದು ತುಂಡು ಸಾಕು. ಕಣ್ಣನ್ನು ಮಾತ್ರ ಸೇರಿಸಬಾರದು. ಕಣ್ಣಿನಲ್ಲಿರುವ ಅಂಶ ಪಿಸಿಆರ್‌ಗೆ ಅಡ್ಡಿ ಮಾಡಿ, ವೈರಸ್ ಇದ್ದರೂ ಇಲ್ಲ ಎಂದು ತೋರಿಸುವ ಸಾಧ್ಯತೆ ಉಂಟು. ತೆಗೆದ ಮಾದರಿಯನ್ನು ಆಲ್ಕೋಹಾಲ್‌ನಲ್ಲಿ ಹಾಕಿ, ಕೆರೆ ಯಾವುದು, ದಿನ ಯಾವುದು ಎಂದು ಬರೆದು ಕಳಿಸಬೇಕು. ಇದಕ್ಕೆ ವಿಜ್ಞಾನಿ ಬೇಕಾಗಿಲ್ಲ, ಹೇಳಿಕೊಟ್ಟರೆ ಕೆರೆ ಕಾಯುವ ಹುಡುಗನೇ ಮಾಡಿಯಾನು.

ಕಷ್ಟ ಇರುವುದು ಪಾಸಿಟಿವ್ ಬಂದ ನಂತರ. ಈಗಿನ ವ್ಯವಸ್ಥೆಯಲ್ಲಿ ನಿಜ ಹೇಳಿದವನಿಗೆ ನಷ್ಟ, ಮುಚ್ಚಿಟ್ಟವನಿಗೆ ಲಾಭ. ‘ನನ್ನ ಕೆರೆಗೆ ರೋಗ ಬಂದಿದೆ’ ಎಂದು ಬಾಯಿಬಿಟ್ಟರೆ ಖರೀದಿದಾರ ದರ ಇಳಿಸುತ್ತಾನೆ, ಸಾಲ ಕೊಟ್ಟವನು ಬಾಗಿಲಿಗೆ ಬರುತ್ತಾನೆ. ಅದಕ್ಕೆ ರಾತ್ರೋರಾತ್ರಿ ತೂಬು ತೆಗೆದು ನೀರು ಹೊಳೆಗೆ ಬಿಟ್ಟು, ಸಿಕ್ಕಿದ್ದನ್ನು ಹಿಡಿದು ಮಾರಿ ಮುಗಿಸುವ ಆಸೆ ಬರುವುದು ಸಹಜ. ಮರುದಿನದ ಉಬ್ಬರದಲ್ಲಿ ಅದೇ ನೀರು ಪಕ್ಕದ ಕೆರೆಯ ತೂಬಿನಲ್ಲಿ ಒಳಗೆ ಹೋಗುತ್ತದೆ. ಗಜನಿಯಲ್ಲಿ ಎಲ್ಲರ ನೀರೂ ಒಂದೇ ಹೊಳೆಯದು. ರೋಗದ ಕೆರೆಯ ನೀರನ್ನು ಕ್ಲೋರಿನ್ ಹಾಕಿ ತಡೆದಿಟ್ಟು, ಆಮೇಲಷ್ಟೇ ಬಿಡಬೇಕು ಎಂಬ ಕ್ರಮ ಇರುವುದು ನೆರೆಯವನ ಹಕ್ಕಿಗಾಗಿ. ನೆರೆಯವನ ಹಕ್ಕಿನ ಬಗ್ಗೆ ನಮ್ಮ ಸಮುದಾಯಕ್ಕೆ ಬೇರೆ ಹೇಳಬೇಕಾಗಿಲ್ಲ.

ಒಂದು ಸಮಾಧಾನ ಏನೆಂದರೆ ಈ ವೈರಸ್ ಮನುಷ್ಯರಿಗೆ ಬರುವುದಿಲ್ಲ. ಸಿಗಡಿ, ಏಡಿಯಂಥ ಪ್ರಾಣಿಗಳಿಗೆ ಮಾತ್ರ ಅದರ ಬಾಧೆ. ಮಾರುಕಟ್ಟೆಯಲ್ಲಿ ವದಂತಿ ಹಬ್ಬಿಸಿ ತಿನ್ನುವವರನ್ನು ಹೆದರಿಸುವ ಅಗತ್ಯ ಇಲ್ಲ. ಇದು ಹೊಟ್ಟೆಗೆ ಅಪಾಯ ಮಾಡುವ ರೋಗ ಅಲ್ಲ, ಹೊಟ್ಟೆಪಾಡಿಗೆ ಅಪಾಯ ಮಾಡುವ ರೋಗ.

ದಾರಿ ಏನು?

ಚೆನ್ನೈಯ ಕೇಂದ್ರೀಯ ಹಿನ್ನೀರು ಜಲಕೃಷಿ ಸಂಸ್ಥೆ ‘ಸಿಬಾ’ದ ವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಸಿಗಡಿ ರೋಗಗಳಿಂದ ದೇಶಕ್ಕೆ ವರ್ಷಕ್ಕೆ ಆಗುವ ನಷ್ಟ ಸುಮಾರು ನೂರು ಕೋಟಿ ಡಾಲರ್. ಅದರಲ್ಲಿ ಬಿಳಿ ಚುಕ್ಕೆ ವೈರಸ್ಸಿನ ಪಾಲು ದೊಡ್ಡದು. ಈ ನಷ್ಟದ ಮುಂದೆ ಪರೀಕ್ಷೆಯ ಖರ್ಚು ಏನೂ ಅಲ್ಲ. ಆದರೆ ಒಬ್ಬೊಬ್ಬರೇ ಹೊತ್ತರೆ ಸಣ್ಣವನಿಗೆ ಅದೂ ಭಾರವೇ.

ಇದಕ್ಕೆ ಆಂಧ್ರದಲ್ಲೇ ಒಂದು ಉದಾಹರಣೆ ಉಂಟು. 2002ರಲ್ಲಿ ಪಶ್ಚಿಮ ಗೋದಾವರಿ ಜಿಲ್ಲೆಯ ಮೊಗಲ್ತೂರಿನಲ್ಲಿ ಸಮುದ್ರೋತ್ಪನ್ನ ರಫ್ತು ಅಭಿವೃದ್ಧಿ ಪ್ರಾಧಿಕಾರದ ಯೋಜನೆಯೊಂದು ಬೆರಳೆಣಿಕೆಯ ಕೃಷಿಕರೊಂದಿಗೆ ಶುರುವಾಯಿತು. ಒಂದೇ ಕಾಲುವೆಯ ಕೃಷಿಕರು ಗುಂಪಾಗಿ, ಒಟ್ಟಿಗೆ ಹ್ಯಾಚರಿಗೆ ಆರ್ಡರ್ ಕೊಟ್ಟು, ಪರೀಕ್ಷೆಯಾದ ಮರಿಯನ್ನೇ ತರಿಸಿ, ಒಟ್ಟಿಗೆ ಕೆರೆಗೆ ಬಿಟ್ಟರು. ರೋಗ ಬಂದರೆ ಒಬ್ಬರಿಗೊಬ್ಬರು ತಿಳಿಸಬೇಕು ಎಂಬುದು ಕರಾರು. ಮರುವರ್ಷ ಗುಂಪಿಗೆ ಸೇರಿದವರ ಸಂಖ್ಯೆ ಹಲವು ಪಟ್ಟಾಯಿತು. 2007ರಲ್ಲಿ ಇಂಥ ಗುಂಪುಗಳಿಗಾಗಿಯೇ ‘ನಾಕ್ಸಾ’ ಎಂಬ ಸಂಸ್ಥೆ ಹುಟ್ಟಿತು. ಹತ್ತು ಜನ ಸೇರಿದರೆ ಹ್ಯಾಚರಿಯವನ ಎದುರು ‘ನಮಗೆ ಬೇಕಾದಷ್ಟು ಮಾದರಿ ತೆಗಿ’ ಎಂದು ಹೇಳುವ ಶಕ್ತಿ ಬರುತ್ತದೆ. ಒಬ್ಬನೇ ಹೋದರೆ ‘ಬೇಕಾದ್ರೆ ತಗೋ’ ಎಂಬ ಉತ್ತರ.

ಹಾಗಾಗಿ ಮರಿ ಕೊಳ್ಳುವ ಗುಂಪು ಚೀಟಿಯಲ್ಲಿ ಐದು ವಿಷಯ ಕೇಳಬೇಕು. ಎಷ್ಟು ಮರಿ ತೆಗೆದಿರಿ? ಯಾವ ಟ್ಯಾಂಕಿನಿಂದ? ಯಾವ ದಿನ? ಯಾವ ವಿಧಾನ, ಒಂದು ಹಂತದ್ದೋ, ಎರಡು ಹಂತದ್ದೋ, ರಿಯಲ್ ಟೈಮೋ? ಪಾಸಿಟಿವ್ ಆದರೆ ಎಷ್ಟು? ಈ ಐದಕ್ಕೆ ಉತ್ತರ ಇಲ್ಲದ ನೆಗೆಟಿವ್ ಚೀಟಿ ತಾರೀಕು ಇಲ್ಲದ ಚೆಕ್ ಇದ್ದ ಹಾಗೆ. ಮರಿ ಬಿಟ್ಟ ಮೇಲೂ ಪರೀಕ್ಷೆ ಮುಗಿಯಿತು ಎಂದಲ್ಲ. ಬಿಸಿ ನೀರಿನಲ್ಲಿ ಈ ವೈರಸ್ ನಿಧಾನ. ಮೇ ಕೊನೆಯ ಮಳೆಗೆ ನೀರು ತಣ್ಣಗಾಗಿ, ಉಪ್ಪಿನಂಶ ಒಮ್ಮೆಲೇ ಇಳಿದಾಗ ಸಿಗಡಿ ಸೋಲುತ್ತದೆ, ರೋಗ ಏಳುತ್ತದೆ. ಮಳೆಗೆ ಮುಂಚೆ ಒಮ್ಮೆ ನೋಡಿಸಿ, ಸಿಟಿ ಸಂಖ್ಯೆ ವಾರದಿಂದ ವಾರಕ್ಕೆ ಇಳಿಯುತ್ತಿದೆಯೇ ಎಂದು ಗಮನಿಸಿದರೆ ಬೆಳೆ ಯಾವಾಗ ಹಿಡಿಯಬೇಕು ಎಂಬ ತೀರ್ಮಾನ ಅಂದಾಜಿನ ಮೇಲೆ ನಿಲ್ಲುವುದಿಲ್ಲ.

ಸರ್ಕಾರದ ಕಡೆಯಿಂದಲೂ ಕೆಲವು ಹೆಜ್ಜೆ ಬಿದ್ದಿದೆ. 2013ರಿಂದ ಜಲಚರ ರೋಗಗಳ ರಾಷ್ಟ್ರೀಯ ನಿಗಾ ಕಾರ್ಯಕ್ರಮ ನಡೆಯುತ್ತಿದೆ. 2023ರಲ್ಲಿ ರೋಗ ಕಂಡವರು ನೇರ ತಿಳಿಸಲು ‘ರಿಪೋರ್ಟ್ ಫಿಶ್ ಡಿಸೀಸ್’ ಆ್ಯಪ್ ಬಂತು. 2024ರ ಫೆಬ್ರವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿದ ಪ್ರಧಾನಮಂತ್ರಿ ಮತ್ಸ್ಯ ಕಿಸಾನ್ ಸಮೃದ್ಧಿ ಸಹ ಯೋಜನೆಯಲ್ಲಿ ನಾಲ್ಕು ಹೆಕ್ಟೇರ್‌ವರೆಗಿನ ಜಲಕೃಷಿಗೆ ವಿಮೆಯ ಕಂತಿನಲ್ಲಿ ಶೇ. 40 ನೆರವು ಉಂಟು, ಹೆಕ್ಟೇರಿಗೆ 25,000 ರೂ.ವರೆಗೆ. ವಿಮೆ ಎಂಬುದು ದಾಖಲೆಯ ವ್ಯವಹಾರ. ಯಾವ ದಿನ, ಯಾವ ಲ್ಯಾಬು, ಎಷ್ಟು ವೈರಸ್ ಎಂದು ಬರೆದಿಟ್ಟವನ ಮಾತಿಗೆ ಅಲ್ಲಿ ಬೆಲೆ. ನಿಜ ಹೇಳಿದವನ ನಷ್ಟವನ್ನು ಯಾರಾದರೂ ತುಂಬಿಕೊಟ್ಟರೆ ಮಾತ್ರ ಜನ ನಿಜ ಹೇಳಲಿಕ್ಕೆ ಧೈರ್ಯ ಮಾಡುವುದು. ಹಾಗಾಗಿ ಪರೀಕ್ಷೆ ಮತ್ತು ವಿಮೆ ಎರಡೂ ಜೊತೆಯಾಗಿಯೇ ಕರಾವಳಿಗೆ ಬರಬೇಕು. ಬೆಳಿಗ್ಗೆ ತೆಗೆದ ಮಾದರಿಗೆ ಸಂಜೆಯೊಳಗೆ ಉತ್ತರ ಸಿಗುವಷ್ಟು ಹತ್ತಿರ ಪರೀಕ್ಷೆಯ ವ್ಯವಸ್ಥೆ ಇರಬೇಕು. ಮೂರೇ ದಿನದಲ್ಲಿ ಕೆರೆ ಖಾಲಿ ಮಾಡಬಲ್ಲ ರೋಗಕ್ಕೆ ನಾಲ್ಕನೇ ದಿನದ ರಿಪೋರ್ಟ್ ಬಂದು ಫಲ ಇಲ್ಲ.

ವ್ಯಾಪಾರಿಗಳ ಪಾಲೂ ಇದರಲ್ಲಿ ಉಂಟು. ಮುಂಗಡ ಕೊಡುವವರು ಅದರೊಟ್ಟಿಗೆ ಪರೀಕ್ಷೆಯ ಖರ್ಚನ್ನೂ ಸೇರಿಸಿ ಕೊಟ್ಟರೆ ಅದು ಅವರ ಹಣಕ್ಕೇ ರಕ್ಷಣೆ. ರೋಗ ಇದೆ ಎಂದು ಮೊದಲೇ ಹೇಳಿದವನ ಬೆಳೆಯನ್ನು ನ್ಯಾಯದ ದರಕ್ಕೆ ಎತ್ತಿದರೆ, ಮುಂದಿನ ಸಲ ಅವನು ರಾತ್ರಿ ತೂಬು ತೆಗೆಯುವುದಿಲ್ಲ. ಆಸ್ಟ್ರೇಲಿಯಾದ ಬಾಗಿಲು ಈಗ ಸ್ವಲ್ಪ ತೆರೆದಿದೆ. ಅದು ತೆರೆದೇ ಇರಬೇಕಾದರೆ ಲೆಕ್ಕ ಸರಿಯಾಗಬೇಕಾದದ್ದು ಅಲ್ಲಿನ ಬಂದರಿನಲ್ಲಲ್ಲ, ಇಲ್ಲಿ ಮರಿ ಎಣಿಸುವ ಬಕೆಟಿನಲ್ಲಿ.